ಅಪಾರ್ಟ್‌ಮೆಂಟ್ ಸಮಿತಿಗೆ ಯಾರೂ ಬರುವುದಿಲ್ಲವೇಕೆ? ನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದವನ ಪ್ರಶ್ನೆ

ಬಿಜೈ ಕಾರ್ಯದರ್ಶಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈ ಕಡೆಯ 52 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ನಾಲ್ಕು ವರ್ಷಗಳಿಂದ ಮಾಲೀಕರ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಎರಡು ವರ್ಷಕ್ಕೆ ಮುಗಿಯಬೇಕಿದ್ದ ಅವಧಿ ನಾಲ್ಕಾದದ್ದು ನನ್ನ ಜನಪ್ರಿಯತೆಯಿಂದಲ್ಲ; ಬೇರೆ ಯಾರೂ ಹೆಸರು ಕೊಡಲಿಲ್ಲ, ಅಷ್ಟೆ. ಕಳೆದ ಭಾನುವಾರದ ವಾರ್ಷಿಕ ಮಹಾಸಭೆಗೆ 13 ಮಂದಿ ಬಂದಿದ್ದರು. ನಮ್ಮ ಬೈಲಾದ ಪ್ರಕಾರ ಮೂರನೇ ಒಂದು ಭಾಗ, ಅಂದರೆ 18 ಮಂದಿ ಇಲ್ಲದೆ ಕೋರಂ ಆಗುವುದಿಲ್ಲ. ಅರ್ಧ ಗಂಟೆ ಕಾದು, ಗೋಳಿಬಜೆ ತಿಂದು, ಮುಂದಿನ ಸಮಿತಿಗೆ ಯಾರಿದ್ದೀರಿ ಎಂದು ಹಾಗೆಯೇ ಕೇಳಿ ನೋಡಿದೆ. ಇಡೀ ಸಭೆ ಚಹಾದ ಲೋಟದೊಳಗೆ ದೃಷ್ಟಿ ನೆಟ್ಟಿತು.

ನಮ್ಮಲ್ಲಿ 19 ಮನೆಗಳ ಮಾಲೀಕರು ದುಬೈ, ಮಸ್ಕತ್, ಕುವೈತ್ ಅಥವಾ ಮುಂಬೈಯಲ್ಲಿದ್ದಾರೆ. ಊರಿನಲ್ಲಿರುವವರಲ್ಲಿ ಅರ್ಧದಷ್ಟು ಮಂದಿ ಎಪ್ಪತ್ತು ದಾಟಿದವರು. ಉಳಿದವರಿಗೆ ಕೆಲಸ, ಮಕ್ಕಳ ಶಾಲೆ. ಹಾಗಾಗಿ ಸಮಿತಿಯ ಕೆಲಸ ಎಂದರೆ ಯಾವಾಗಲೂ ಅದೇ ಐದಾರು ಮಂದಿಯ ಬಿಟ್ಟಿ ಚಾಕರಿ.

ಕೆಲಸವನ್ನು ನಾನು ದೂರುತ್ತಿಲ್ಲ. ಕಳೆದ ಜುಲೈಯ ಒಂದು ರಾತ್ರಿ ಎರಡೂವರೆಗೆ ವಾಚ್‌ಮನ್ ಫೋನು ಮಾಡಿ, "ಸರ್, ಲಿಫ್ಟಿನ ಗುಂಡಿಯಲ್ಲಿ ನೀರು ಉಂಟು" ಎಂದ. ಲುಂಗಿ ಎತ್ತಿ ಕಟ್ಟಿ ಟಾರ್ಚು ಹಿಡಿದು ಇಳಿದೆ. ಲಿಫ್ಟನ್ನು ಮೇಲಿನ ಮಹಡಿಗೆ ಕಳುಹಿಸಿ ಅಲ್ಲಿಯೇ ನಿಲ್ಲಿಸಬೇಕು, ವಿದ್ಯುತ್ ಬಂದ್ ಮಾಡಬೇಕು, ಆ ಮೇಲೆಯೇ ಗುಂಡಿಯ ನೀರಿಗೆ ಕೈ ಹಾಕಬೇಕು ಎಂದು ಲಿಫ್ಟಿನ ಮೆಕ್ಯಾನಿಕ್ ಫೋನಿನಲ್ಲಿ ಹೇಳುತ್ತಾ ಹೋದ. ನಾವಿಬ್ಬರೂ ಬಾಲ್ದಿಯಲ್ಲಿಯೂ ಒಂದು ಸಣ್ಣ ಪಂಪಿನಲ್ಲಿಯೂ ನಾಲ್ಕು ಗಂಟೆಯವರೆಗೆ ನೀರು ಹೊರಗೆ ಹಾಕಿದೆವು. ಬೆಳಗ್ಗೆ ಏಳಕ್ಕೆ ವಾಟ್ಸಾಪ್ ಗುಂಪಿಗೆ ಬಂದ ಮೊದಲ ಸಂದೇಶ: "ಲಿಫ್ಟ್ ಯಾಕೆ ಇಲ್ಲ? ಸಮಿತಿಯವರು ಮಲಗಿದ್ದಾರಾ?"

ಅದನ್ನೂ ನುಂಗಿಕೊಳ್ಳಬಹುದು. ನನ್ನಿಂದ ಆಗದೆ ಹೋದದ್ದು ನೆರೆಯವರಿಗೆ ನೋಟಿಸು ಕೊಡುವ ಕೆಲಸ. ಒಬ್ಬರೊಡನೆ ಒಂಬತ್ತು ವರ್ಷ ಪ್ರತಿದಿನ ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ನಡೆದವನು ನಾನು. ಅವರ ಮೇಂಟೆನೆನ್ಸ್ 14 ತಿಂಗಳು ಬಾಕಿಯಾದಾಗ ಸಮಿತಿಯ ನಿರ್ಣಯದಂತೆ ನೋಟಿಸಿಗೆ ಸಹಿ ಹಾಕಿದೆ. ಈಗ ಅವರು ಪಾರ್ಕಿನಲ್ಲಿ ಎದುರು ದಿಕ್ಕಿನಿಂದ ಸುತ್ತು ಹಾಕುತ್ತಾರೆ. ದಿನಕ್ಕೆರಡು ಬಾರಿ ಮುಖಾಮುಖಿಯಾಗುತ್ತೇವೆ, ಎರಡು ಬಾರಿಯೂ ಅವರಿಗೆ ಮರದಲ್ಲಿ ಏನೋ ಕಾಣುತ್ತದೆ.

ಮಂಗಳೂರು, ಉಡುಪಿ ಕಡೆಯ ಬೇರೆ ಸಂಘಗಳು ಇದನ್ನು ಹೇಗೆ ನಿಭಾಯಿಸುತ್ತಿವೆ ಎಂದು ತಿಳಿಯುವುದಕ್ಕಾಗಿ ಇಲ್ಲಿ ಬರೆದಿದ್ದೇನೆ. ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಕುಂಜಿಬೆಟ್ಟು ಖಜಾಂಚಿ

ಕಾರ್ಯದರ್ಶಿಯವರೇ, ನಿಮ್ಮ ಬರಹ ಓದಿ ನನ್ನ ಮನೆಯವರು "ಇದು ನೀವೇ ಬರೆದದ್ದಲ್ವಾ" ಎಂದು ಕೇಳಿದರು. ಐದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಆದ್ದರಿಂದ ಇಲ್ಲಿನ ಪ್ರತಿ ಕಟ್ಟಡದಲ್ಲಿಯೂ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಸಿಗುತ್ತಾನೆ, ಮತ್ತು ಖಜಾಂಚಿಯ ಹುದ್ದೆ ಅವನ ಕೊರಳಿಗೆ ಬೀಳುತ್ತದೆ. ನನಗೆ ಬಿದ್ದು ಆರು ವರ್ಷವಾಯಿತು.

ಬಾಕಿ ಉಳಿಸುವವರು ಬಡವರೆಂದು ನಾನು ಮೊದಲು ತಿಳಿದಿದ್ದೆ. ಹಾಗೇನೂ ಇಲ್ಲ. ಬಾಕಿ ಎಂಬುದು ಹೆಚ್ಚಾಗಿ ಸಿಟ್ಟಿನ ಇನ್ನೊಂದು ರೂಪ. ಒಬ್ಬರ ಬಾತ್‌ರೂಮಿನ ಸೀಲಿಂಗ್ ಸೋರುತ್ತದೆ, ಮೇಲಿನ ಮನೆಯವರು ರಿಪೇರಿ ಮಾಡಿಸುವುದಿಲ್ಲ, ಆ ಸಿಟ್ಟಿಗೆ ಕೆಳಗಿನವರು ಸಂಘಕ್ಕೆ ಹಣ ನಿಲ್ಲಿಸುತ್ತಾರೆ. ಇನ್ನೊಬ್ಬರು ನೆಲಮಹಡಿಯವರು, "ನಾನು ಲಿಫ್ಟೇ ಹತ್ತುವುದಿಲ್ಲವಲ್ಲ, ಅದರ ಪಾಲು ನಾನ್ಯಾಕೆ ಕೊಡಬೇಕು ಮಾರಾಯ್ರೆ" ಎನ್ನುತ್ತಾರೆ. ಮಾತು ಕೇಳಲಿಕ್ಕೆ ನ್ಯಾಯವೆನಿಸುತ್ತದೆ. ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಈ ಎರಡು ವಿಷಯಗಳಲ್ಲಿಯೂ ಸ್ಪಷ್ಟವಾಗಿದೆ: ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದಿಲ್ಲ ಎಂದು ಹೇಳಿ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ, ಮತ್ತು ಆ ಪಾಲು ಸಾಮಾನ್ಯ ಜಾಗ, ಸೌಲಭ್ಯಗಳಲ್ಲಿ ಪ್ರತಿ ಮನೆಗೆ ಸೇರಿದ ಅವಿಭಾಜ್ಯ ಹಕ್ಕಿನ ಶೇಕಡಾವಾರು ಪ್ರಮಾಣದಲ್ಲಿರಬೇಕು. ನಮ್ಮಲ್ಲಿ ಮೊದಲು ಮನೆಗೆ ಇಷ್ಟು ಎಂದು ಸಮಾನವಾಗಿ ವಸೂಲು ಮಾಡುತ್ತಿದ್ದೆವು. ಅದನ್ನು ಬದಲಿಸಹೊರಟಾಗ ದೊಡ್ಡ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ವಿರೋಧಿಸಿದರು. ಆ ಪ್ರಮಾಣವನ್ನು ನಮೂದಿಸಿದ ಡಿಕ್ಲರೇಷನ್ ಪತ್ರದ ಪ್ರತಿಯನ್ನು ಎದುರಿಗಿಟ್ಟು ಓದಿದ ಮೇಲೆಯೇ ಒಪ್ಪಿದ್ದು.

ಅದೇ ಕಾಯ್ದೆಯ ಪ್ರಕಾರ ಬಾಕಿ ಮೊತ್ತ ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಸರಕಾರಿ ತೆರಿಗೆ ಮತ್ತು ಮೊದಲ ಅಡಮಾನದ ನಂತರ ಸಂಘದ ಬಾಕಿಯೇ. ಮನೆ ಮಾರುವ ದಿನ ಇದು ಕೆಲಸಕ್ಕೆ ಬರುತ್ತದೆ. ನಾವು ಬಾಕಿಯಿಲ್ಲವೆಂಬ ಪತ್ರ ಕೊಡದೆ ಖರೀದಿದಾರರು ಮುಂದುವರಿಯುವುದಿಲ್ಲ. ನಮ್ಮ ಅತಿ ಹಳೆಯ ಬಾಕಿ, ಮೂರು ವರ್ಷದ್ದು, ಹೀಗೆ ಒಂದೇ ಮಧ್ಯಾಹ್ನದಲ್ಲಿ ಬಂತು. ನೀರು ನಿಲ್ಲಿಸಿ ಎಂದು ಸಭೆಯಲ್ಲಿ ಯಾರಾದರೂ ಪ್ರತಿ ವರ್ಷ ಹೇಳುತ್ತಾರೆ. ಅದಕ್ಕೆ ಕೈ ಹಾಕಬೇಡಿ ಎಂದು ನಮ್ಮ ವಕೀಲರು ಎಚ್ಚರಿಸಿದ್ದಾರೆ. ನನಗೂ ಅದು ಮನಸ್ಸಿಗೆ ಒಪ್ಪುವ ಕ್ರಮವಲ್ಲ.

ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಕಾಂಪೌಂಡಿನಲ್ಲಿ ಆರು ತೆಂಗಿನ ಮರಗಳಿವೆ. ಲಕ್ಷಾಂತರ ರೂಪಾಯಿಯ ಬಜೆಟ್ ಹತ್ತು ನಿಮಿಷದಲ್ಲಿ ಪಾಸಾಗುತ್ತದೆ. ಆ ಕಾಯಿಗಳ ಹಂಚಿಕೆಗೆ ಮುಕ್ಕಾಲು ಗಂಟೆ ಬೇಕು.

ಕದ್ರಿಯ ಒಬ್ಬ ಮಾಲೀಕ

ಇಲ್ಲಿಯವರೆಗೆ ಬರೆದ ಇಬ್ಬರೂ ಸಮಿತಿಯವರು. ಕುರ್ಚಿಯ ಈಚೆ ಬದಿಯಲ್ಲಿ ಕುಳಿತವನ ಮಾತನ್ನೂ ಕೇಳಬೇಕು.

ನಮ್ಮ ಕಟ್ಟಡಕ್ಕೆ ಬಣ್ಣ ಹೊಡೆಸುವ ಕೆಲಸ ಶುರುವಾದದ್ದು ನನಗೆ ಗೊತ್ತಾದದ್ದು ಕಿಟಕಿಯ ಹೊರಗೆ ಒಬ್ಬ ಮನುಷ್ಯ ನೇತಾಡುವುದನ್ನು ಕಂಡಾಗ. ಎಷ್ಟು ಕೊಟೇಶನ್ ತರಿಸಿದಿರಿ, ಯಾರಿಗೆ ಎಷ್ಟಕ್ಕೆ ಕೊಟ್ಟಿರಿ ಎಂದು ಗುಂಪಿನಲ್ಲಿ ಕೇಳಿದೆ. "ನಮ್ಮ ಮೇಲೆ ನಂಬಿಕೆ ಇಲ್ಲವಾ? ಹಾಗಾದರೆ ನೀವೇ ಬಂದು ಮಾಡಿ" ಎಂಬ ಉತ್ತರ ಬಂತು. ಲೆಕ್ಕ ಕೇಳಿದವನಿಗೆ ಹುದ್ದೆ ಕೊಡುತ್ತೇನೆನ್ನುವುದು ಉತ್ತರವಲ್ಲ. ನಾನು ಎರಡು ವರ್ಷ ಪತ್ರ ಬರೆದೆ, ನನ್ನೊಡನೆ ಇನ್ನೂ ಏಳು ಮನೆಯವರು ಸೇರಿದರು, ಕೊನೆಗೆ ಹೊರಗಿನ ಲೆಕ್ಕ ಪರಿಶೋಧಕರನ್ನು ಕರೆಸಲಾಯಿತು.

ಕಳ್ಳತನ ಆಗಿರಲಿಲ್ಲ. ಬಿಲ್ಲುಗಳೆಲ್ಲ ಒಂದು ಸ್ವೀಟ್ ಬಾಕ್ಸಿನಲ್ಲಿದ್ದವು, ಕೆಲವಕ್ಕೆ ಎಣ್ಣೆ ಹತ್ತಿತ್ತು, ಆದರೆ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಅಧ್ಯಕ್ಷರು ನಿಜವಾಗಿ ಪ್ರಾಮಾಣಿಕರು. ಅವರಿಗೆ ಬರೆದಿಡುವ ಅಭ್ಯಾಸವಿರಲಿಲ್ಲ, ಕೇಳಿದರೆ ಅವಮಾನವೆನಿಸುತ್ತಿತ್ತು. ಅಷ್ಟು ಸಣ್ಣ ಕಾರಣಕ್ಕೆ ಒಂದು ಕಟ್ಟಡ ಎರಡು ಪಕ್ಷವಾಯಿತು. ಬಿಜೈಯ ಕಾರ್ಯದರ್ಶಿಯವರೇ, ನಿಮ್ಮ ಖರ್ಚಿನ ಪಟ್ಟಿ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹೋಗುತ್ತಿದೆಯೇ? ಹೋಗದಿದ್ದರೆ ಸಭೆಗೆ 13 ಮಂದಿ ಬಂದದ್ದಕ್ಕೆ ಬರಿಯ ಜನರ ಸೋಮಾರಿತನವನ್ನು ದೂರಬೇಡಿ.

ಬಿಜೈ ಕಾರ್ಯದರ್ಶಿ

ಮೊದಲ ಎರಡು ವರ್ಷ ಹೋಗುತ್ತಿತ್ತು. ಆ ಮೇಲೆ ವರ್ಷಕ್ಕೊಮ್ಮೆಯಾಯಿತು. ಯಾರೂ ಓದುವುದಿಲ್ಲ ಎಂದು ನಾನೇ ನಿಲ್ಲಿಸಿದೆ. ನಿಮ್ಮ ಮಾತು ಚುಚ್ಚಿತು, ಆದರೆ ಸರಿಯಾದ ಜಾಗಕ್ಕೇ ಚುಚ್ಚಿದೆ.

ಉರ್ವದ ಸಿವಿಲ್ ಇಂಜಿನಿಯರ್

ನಾನು ನಮ್ಮ ಸಮಿತಿಯ ಏಕೈಕ ಮಹಿಳಾ ಸದಸ್ಯೆ, ವೃತ್ತಿಯಲ್ಲಿ ಸಿವಿಲ್ ಇಂಜಿನಿಯರ್. ಹಣದ ವಿಷಯವನ್ನು ಸ್ವಲ್ಪ ಬೇರೆ ಕಡೆಯಿಂದ ನೋಡಲು ಬಯಸುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಕಟ್ಟಡ ಎಂಬುದು ನಿಧಾನವಾಗಿ ಖರ್ಚಾಗುವ ಹಣವೇ ಆಗಿದೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಮತ್ತು ಉಪ್ಪು ಬೆರೆತ ಗಾಳಿ. ಕಾಂಕ್ರೀಟಿನ ಸಣ್ಣ ಬಿರುಕಿನೊಳಗೆ ನೀರು, ಉಪ್ಪು, ಗಾಳಿ ಮೂರೂ ಸೇರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬುತ್ತದೆ, ಹೊರಗಿನ ಕಾಂಕ್ರೀಟನ್ನು ತಳ್ಳಿ ಸಿಡಿಸುತ್ತದೆ. ಎರಡು ವರ್ಷದ ಹಿಂದೆ ನಮ್ಮ ನಾಲ್ಕನೇ ಮಹಡಿಯ ಬಾಲ್ಕನಿಯ ಅಡಿಯಿಂದ ಅಂಗೈಯಗಲದ ಒಂದು ಚಕ್ಕೆ ಕಳಚಿ ಕೆಳಗಿನ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಸೀಟು ಹರಿಯಿತು, ಮನುಷ್ಯರು ಯಾರೂ ಅಲ್ಲಿರಲಿಲ್ಲ. ನಾನು ಏಣಿ ಹತ್ತಿ ಆ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ. ಅಲ್ಲಿ ಹಲಸಿನ ಹಣ್ಣನ್ನು ತಟ್ಟಿದ ಹಾಗೆ ಡಬ್ ಡಬ್ ಎನ್ನುತ್ತಿತ್ತು. ಒಟ್ಟು ಹನ್ನೊಂದು ಬಾಲ್ಕನಿಗಳಲ್ಲಿ ಅದೇ ಸದ್ದು.

ಸಮಿತಿಯಲ್ಲಿ ಇದನ್ನು ಹೇಳಿದಾಗ ಮೊದಲ ಪ್ರತಿಕ್ರಿಯೆ: "ಈಗ ಎಂತ ಆಗುವುದಿಲ್ಲ, ಬಣ್ಣ ಹೊಡೆಯುವಾಗ ಒಟ್ಟಿಗೆ ಮಾಡುವ." ಸ್ವಯಂಸೇವಕ ಸಮಿತಿಯ ದೊಡ್ಡ ದೌರ್ಬಲ್ಯ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಎರಡು ವರ್ಷಕ್ಕೆ ಬಂದು ಹೋಗುವವರು ಹತ್ತು ವರ್ಷದ ಖರ್ಚನ್ನು ನಿರ್ಧರಿಸಬೇಕು. ಮೇಂಟೆನೆನ್ಸ್ ಹೆಚ್ಚಿಸಿದವರಿಗೆ ಬೈಗುಳ, ಹೆಚ್ಚಿಸದೆ ಹೋದವರಿಗೆ ಬೀಳ್ಕೊಡುಗೆಯಲ್ಲಿ ಶಾಲು. ಸಿಂಕಿಂಗ್ ಫಂಡಿಗೆ, ಅಂದರೆ ಮುಂದಿನ ದೊಡ್ಡ ರಿಪೇರಿಗಳಿಗೆಂದು ಕೂಡಿಡುವ ನಿಧಿಗೆ, ತಿಂಗಳಿಗೆ ಸ್ವಲ್ಪ ಸ್ವಲ್ಪ ತೆಗೆದಿಟ್ಟಿದ್ದರೆ ಒಂದೇ ಸಲ ಪ್ರತಿ ಮನೆಯಿಂದ ದೊಡ್ಡ ಮೊತ್ತ ಕೇಳುವ ಪರಿಸ್ಥಿತಿ ಬರುವುದಿಲ್ಲ. ನಮ್ಮಲ್ಲಿ ಬಂತು, ಮತ್ತು ಮೂರು ಮನೆಯವರು ಇನ್ನೂ ಕೊಟ್ಟಿಲ್ಲ.

ತಾರಸಿಗೆ ಶೀಟು ಹಾಕಿಸುವ ಪ್ರಶ್ನೆಯೂ ಇದೆ. ಮೇಲಿನ ಮಹಡಿಯವರು ಅದು ಸಂಘದ ಖರ್ಚು ಎನ್ನುತ್ತಾರೆ, ಕೆಳಗಿನವರು ನಿಮ್ಮ ಸೋರಿಕೆ ನಿಮ್ಮದು ಎನ್ನುತ್ತಾರೆ. ತಾರಸಿ ಎಲ್ಲರದೂ ಆದ ಮೇಲೆ ಅದರಿಂದ ಇಳಿಯುವ ನೀರೂ ಎಲ್ಲರದೇ. ಶೀಟು ಹಾಕುವ ಮುನ್ನ ಸ್ಥಳೀಯ ಸಂಸ್ಥೆಯ ಅನುಮತಿ ಕೇಳಿ, ಗಾಳಿಗೆ ಹಾರದಂತೆ ಕಟ್ಟಿಸಿ, ಕೆಲಸವನ್ನು ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿನೊಳಗೆ, ಮುಗಿಸಿ. ಮೇ ಕೊನೆಯಲ್ಲಿ ಶುರು ಮಾಡಿದ ವಾಟರ್‌ಪ್ರೂಫಿಂಗ್ ಕೆಲಸ ಮಳೆಯಲ್ಲಿ ತೊಳೆದುಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಹೊಸ ಕಟ್ಟಡದವರಿಗೆ ಇನ್ನೊಂದು ಮಾತು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ ಅವರು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ನಮ್ಮ ಹಿಂದಿನ ಸಮಿತಿ ನಾಲ್ಕೂವರೆ ವರ್ಷ ಫೋನಿನಲ್ಲಿಯೇ ಹೇಳಿತ್ತು.

ಮಣಿಪಾಲದ ಸಮಿತಿ ಸದಸ್ಯ

ನಮ್ಮ ಸಮಸ್ಯೆಯೇ ಬೇರೆ. 40 ಮನೆಗಳಲ್ಲಿ 31 ಬಾಡಿಗೆಗೆ ಹೋಗಿವೆ, ಬಾಡಿಗೆದಾರರಲ್ಲಿ ಬಹುತೇಕರು ವಿದ್ಯಾರ್ಥಿಗಳು. ಮಾಲೀಕರಿಗೆ ಬಾಡಿಗೆ ಬಂದರೆ ಸಾಕು. ಪರೀಕ್ಷೆ ಮುಗಿದ ರಾತ್ರಿ ಹನ್ನೆರಡೂವರೆಗೆ ಹಾಡು ಕೇಳಿಸಿದರೆ ಬಾಗಿಲು ತಟ್ಟಬೇಕಾದವನು ನಾನು. ಬಾಗಿಲು ತೆರೆದ ಹುಡುಗ "ಸಾರಿ ಅಂಕಲ್" ಎಂದು ತಕ್ಷಣ ಸದ್ದು ಇಳಿಸುತ್ತಾನೆ, ಅವನ ಮೇಲೆ ಸಿಟ್ಟೂ ಬರುವುದಿಲ್ಲ. ಮುಂದಿನ ವರ್ಷ ಹೊಸ ಹುಡುಗ, ಅದೇ ಬಾಗಿಲು, ಅದೇ "ಸಾರಿ ಅಂಕಲ್".

ಬಾಡಿಗೆ ಕರಾರಿನ ಜೊತೆ ಸಂಘದ ನಿಯಮಗಳ ಒಂದು ಹಾಳೆಗೆ ಮಾಲೀಕರೂ ಬಾಡಿಗೆದಾರರೂ ಸಹಿ ಹಾಕುವಂತೆ ಎರಡು ವರ್ಷದಿಂದ ಮಾಡಿದ್ದೇವೆ. ದೂರು ಹೋಗುವುದು ಮಾಲೀಕರಿಗೆ. ಅಷ್ಟರಿಂದಲೇ ಅರ್ಧ ಗದ್ದಲ ಕಡಿಮೆಯಾಗಿದೆ.

ಮಣಿಪಾಲದಲ್ಲಿ ಬಾಡಿಗೆಗಿರುವವಳು

ಅಂಕಲ್, ನಾನು ವಿದ್ಯಾರ್ಥಿನಿಯಲ್ಲ, ಆದರೆ ಬಾಡಿಗೆಗಿರುವವಳು. ಮೇಂಟೆನೆನ್ಸ್ ನಾನೇ ಕೊಡುತ್ತೇನೆ, ನೀರು ಬಾರದಿದ್ದರೆ ನನಗೇ ತೊಂದರೆ, ಸಭೆಗೆ ಮಾತ್ರ ನನಗೆ ಕರೆಯಿಲ್ಲ. ಮತ ಹಾಕುವ ಹಕ್ಕು ಬೇಡ, ಅದು ಮಾಲೀಕರದು. ನೀರು ಯಾವ ದಿನ ಬರುವುದಿಲ್ಲ ಎಂದಾದರೂ ಮುಂಚಿತವಾಗಿ ತಿಳಿಸಬಹುದಲ್ಲ? ನಮ್ಮ ಕಟ್ಟಡದ ಗುಂಪಿನಲ್ಲಿ ಮಾಲೀಕರು ಮಾತ್ರ ಇದ್ದಾರೆ, ನನ್ನ ಮಾಲೀಕರು ಶಾರ್ಜಾದಲ್ಲಿದ್ದಾರೆ. ಟ್ಯಾಂಕು ಖಾಲಿ ಎಂಬ ಸಂದೇಶ ಶಾರ್ಜಾಕ್ಕೆ ಹೋಗಿ ಸಂಜೆ ನನಗೆ ತಲುಪುತ್ತದೆ.

ಕುಲಶೇಖರದ ಸಮಿತಿ ಸದಸ್ಯೆ

ತಂಗೀ, ನೀರಿನ ಮಾತು ನೀನೇ ತೆಗೆದದ್ದು ಒಳ್ಳೆಯದಾಯಿತು. ಮಾರ್ಚ್‌ನಿಂದ ಮೇವರೆಗೆ ನಮ್ಮ ಸಮಿತಿ ಬೇರೆ ಏನನ್ನೂ ಮಾಡುವುದಿಲ್ಲ, ನೀರು ಎಣಿಸುತ್ತದೆ.

ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು, ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟಿನ ನೀರು. ಮಳೆ ತಡವಾದರೆ ಎರಡೂ ಊರು ಆಕಾಶ ನೋಡುತ್ತವೆ. 2019ರಲ್ಲಿಯೂ 2023ರಲ್ಲಿಯೂ ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಟ್ಟದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಅದೃಷ್ಟಕ್ಕೆ ಹಳೆಯ ಮನೆಯಿದ್ದ ಜಾಗದ ಬಾವಿಯನ್ನು ಬಿಲ್ಡರ್ ಮುಚ್ಚಿರಲಿಲ್ಲ. 2019ರ ಬೇಸಿಗೆಯಲ್ಲಿ ಆ ಬಾವಿಗೆ ದಿನಕ್ಕೆ ಇಷ್ಟೇ ಹೊತ್ತು ಪಂಪು ಎಂದು ನಿಯಮ ಮಾಡಿದೆವು. ಬೆಳಗ್ಗೆ ಆರರಿಂದ ಏಳೂವರೆ, ಸಂಜೆ ಆರರಿಂದ ಏಳು. ಕೀಲಿಕೈ ನನ್ನ ಹತ್ತಿರ. ಎರಡು ತಿಂಗಳು ನನ್ನ ಮನೆಯ ಕಾಲಿಂಗ್ ಬೆಲ್ಲು ನಿಂತದ್ದೇ ಇಲ್ಲ: "ಅಕ್ಕ, ಮನೆಗೆ ನೆಂಟರು ಬಂದಿದ್ದಾರೆ, ಹತ್ತು ನಿಮಿಷ ಬಿಡಿ." ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ನಾನು ಬಿಡಲಿಲ್ಲ. ನನಗೆ ಒಂದು ಅಡ್ಡಹೆಸರು ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ವರ್ಷವೇ ತಾರಸಿಯ ಮಳೆನೀರಿನ ಪೈಪನ್ನು ಸೋಸುವ ತೊಟ್ಟಿಯ ಮೂಲಕ ಬಾವಿಗೆ ತಿರುಗಿಸಿದೆವು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಬೇಗ ಇಂಗಿ ಬೇಗ ಹರಿದೂ ಹೋಗುತ್ತದೆ, ಆದ್ದರಿಂದ ಏಪ್ರಿಲ್‌ಗೆ ಪವಾಡವೇನೂ ಆಗಿಲ್ಲ. ಆದರೂ ಟ್ಯಾಂಕರಿಗೆ ಹಣ ಕೊಡಲು ಶುರು ಮಾಡುವ ದಿನ ಮೂರು ವಾರ ಮುಂದಕ್ಕೆ ಹೋಗಿದೆ.

ಕಸದ ಬಗ್ಗೆ ಚಿಕ್ಕದಾಗಿ. 2019ರ ಆಗಸ್ಟಿನ ಮಳೆಯಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಎಂಬಲ್ಲಿನ ಮನೆ, ತೋಟಗಳ ಮೇಲೆ ಹರಿಯಿತು. ಆ ತೋಟಗಳು ಇಲ್ಲಿಂದ ಬಹಳ ದೂರವೇನಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಹೇಳಿದರೆ "ಕೆಲಸದವಳು ಮಾಡುವುದಿಲ್ಲ" ಎನ್ನುವವರಿಗೆ ನಾನು ಆ ವರ್ಷದ ಪತ್ರಿಕೆಯ ಚಿತ್ರಗಳನ್ನು ತೋರಿಸಿದ್ದೇನೆ. ಮೀನು ತಂದ ದಿನದ ಹಸಿ ಕಸವನ್ನು ಎರಡು ದಿನ ಇಟ್ಟುಕೊಳ್ಳಲಾಗದು, ಅದು ನಮ್ಮ ಊರಿನ ನಿಜ. ಹಿತ್ತಿಲಿನಲ್ಲಿ ಗೊಬ್ಬರದ ಎರಡು ತೊಟ್ಟಿ ಕಟ್ಟಿಸಿದೆವು. ವಾಸನೆಯ ದೂರು ಮೊದಲ ತಿಂಗಳು ದಿನಾ ಬಂತು. ತೆಂಗಿನ ನಾರಿನ ಪುಡಿ ಸಾಕಷ್ಟು ಬೆರೆಸಲು ಕಲಿತ ಮೇಲೆ ನಿಂತಿತು.

ಮಸ್ಕತ್‌ನಲ್ಲಿರುವ ಮಾಲೀಕ

ಗಲ್ಫಿನಲ್ಲಿರುವವರನ್ನು ಎಲ್ಲರೂ ಒಂದೊಂದು ಮಾತು ಹೇಳಿ ಹೋದರು, ಹಾಗಾಗಿ ಬರೆಯುತ್ತಿದ್ದೇನೆ. ನಾನು ವರ್ಷಕ್ಕೆ 20 ದಿನ ಊರಿಗೆ ಬರುತ್ತೇನೆ. ಅದರಲ್ಲಿ ಎರಡು ಮದುವೆ, ಒಂದು ಕುಟುಂಬದ ದೈವದ ನೇಮ, ಅಮ್ಮನ ಕಣ್ಣಿನ ಡಾಕ್ಟರು. ಮಹಾಸಭೆ ಯಾವಾಗಲೂ ನಾನು ವಾಪಸು ಹೋದ ಮರುವಾರ ಇರುತ್ತದೆ. ಮೇಂಟೆನೆನ್ಸ್ ಒಂದು ತಿಂಗಳೂ ತಪ್ಪಿಸಿಲ್ಲ, ಆದರೂ ನಾವು ಸಭೆಯಲ್ಲಿ "ಹೊರಗಿನವರು".

ನಮ್ಮ ಸಂಘಕ್ಕೆ ನಾನು ಕೇಳಿದ್ದು ಇಷ್ಟೆ: ಸಭೆಯ ವಿಷಯಪಟ್ಟಿಯನ್ನು ಮೂರು ವಾರ ಮೊದಲು ಕಳುಹಿಸಿ, ಮೊಬೈಲಿನಲ್ಲಿ ಸೇರಲು ಅವಕಾಶ ಕೊಡಿ, ಅಧಿಕಾರ ಪತ್ರದ ಮೂಲಕ ಮತ ಹಾಕಲು ಬೈಲಾದಲ್ಲಿ ಜಾಗವಿದ್ದರೆ ಅದರ ನಮೂನೆಯನ್ನು ಜೊತೆಗೇ ಕಳುಹಿಸಿ. ಕಳೆದ ವರ್ಷ ಮಾಡಿದರು. ಎಂಟು ಮಂದಿ ಹೊರದೇಶದಿಂದ ಸೇರಿದೆವು. ಅರ್ಧ ಸಭೆ "ಕೇಳ್ತದಾ? ಕೇಳ್ತದಾ?" ಎನ್ನುವುದರಲ್ಲಿ ಹೋಯಿತು, ಜಗಳ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ನಡೆದು ನಡಾವಳಿ ಇಂಗ್ಲಿಷಿನಲ್ಲಿ ಬಂತು. ಆದರೆ ಕೋರಂ ಆಯಿತು.

ಒಂದು ಪ್ರಶ್ನೆಯೂ ಇದೆ. ಮೇಂಟೆನೆನ್ಸಿಗೆ ಜಿಎಸ್‌ಟಿ ಸೇರಿಸುತ್ತೇವೆ ಎಂದು ಪತ್ರ ಬಂದಿದೆ. ನನ್ನ ಹೆಸರಿನಲ್ಲಿ ಎರಡು ಮನೆಗಳಿವೆ, ಒಂದೊಂದಕ್ಕೆ ತಿಂಗಳಿಗೆ 4,200 ರೂಪಾಯಿ. ಇದು ಸರಿಯೇ?

ಕುಂಜಿಬೆಟ್ಟು ಖಜಾಂಚಿ

ಸರಿಯಲ್ಲವೆಂದು ತೋರುತ್ತದೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿರಬೇಕು, ಅದರ ಜೊತೆಗೆ ಸದಸ್ಯನ ಮಾಸಿಕ ವಂತಿಗೆ 7,500 ರೂಪಾಯಿ ಮೀರಿರಬೇಕು. ಎರಡೂ ಸೇರಿದರೆ ಮಾತ್ರ 18 ಶೇಕಡಾ ತೆರಿಗೆ. ಒಬ್ಬರಿಗೆ ಎರಡು ಮನೆಯಿದ್ದರೆ 7,500ರ ಮಿತಿಯನ್ನು ಮನೆಮನೆಗೆ ಬೇರೆ ಬೇರೆಯಾಗಿ ನೋಡಬೇಕೆಂದು 2019ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಗಿದೆ. ನಿಮ್ಮ ಖಜಾಂಚಿಯವರು ಎರಡನ್ನೂ ಕೂಡಿಸಿ 8,400 ಎಂದು ಹಿಡಿದಿರಬೇಕು. ಮೆತ್ತಗೆ ಕೇಳಿ. ಅವರೂ ಸಂಬಳವಿಲ್ಲದೆ ದುಡಿಯುವವರೇ.

ಖಜಾಂಚಿಗಳಿಗೆ ಇನ್ನೊಂದು ಹೊಂಡ ಠೇವಣಿಯ ಬಡ್ಡಿ. ಸದಸ್ಯರು ತಮ್ಮೊಳಗೆ ಕೂಡಿಸಿ ತಮಗೇ ಖರ್ಚು ಮಾಡುವ ಹಣಕ್ಕೆ ಆದಾಯ ತೆರಿಗೆ ಇಲ್ಲವೆಂಬ ಧೈರ್ಯದಲ್ಲಿ ಬಡ್ಡಿಯನ್ನೂ ಬಿಟ್ಟುಬಿಡುತ್ತಾರೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಠೇವಣಿಯ ಬಡ್ಡಿಗೆ ಆ ರಿಯಾಯಿತಿ ಸಲ್ಲದೆಂದು ತೀರ್ಪು ಕೊಟ್ಟಿದೆ. ನಮ್ಮ ಸಂಘಕ್ಕೆ ಇದು ಗೊತ್ತಾದದ್ದು ನೋಟಿಸು ಬಂದ ಮೇಲೆ.

ದೇರೆಬೈಲಿನ ಮಾಜಿ ಅಧ್ಯಕ್ಷೆ

ನಾನು ಅಧ್ಯಕ್ಷ ಸ್ಥಾನ ಬಿಟ್ಟದ್ದು ನಾಯಿಗಳ ವಿಷಯಕ್ಕೆ. ಕಾಂಪೌಂಡಿನ ಎರಡು ಬೀದಿನಾಯಿಗಳಿಗೆ ಮೂರನೇ ಮಹಡಿಯ ಹುಡುಗಿ ಅನ್ನ ಹಾಕುತ್ತಿದ್ದಳು. ಒಂದು ಬಣ ನಿಲ್ಲಿಸಿ ಎಂದಿತು, ಇನ್ನೊಂದು ಬಣ ನಿಲ್ಲಿಸಿದರೆ ಕೇಸು ಹಾಕುತ್ತೇವೆ ಎಂದಿತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ತರಿಸಿ ಓದಿದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟು ಇವುಗಳಿಂದ ದೂರ ಒಂದು ಜಾಗವನ್ನು ಗುರುತಿಸಿ ಊಟದ ವ್ಯವಸ್ಥೆ ಮಾಡುವ ಹೊಣೆಯನ್ನೇ ಆ ನಿಯಮಗಳು ಸಂಘದ ಮೇಲೆ ಹಾಕಿವೆ. ಜನರೇಟರಿನ ಹಿಂದಿನ ಮೂಲೆಯನ್ನು ಗುರುತಿಸಿದೆ. ಎರಡೂ ಬಣಗಳು ನನ್ನ ಮೇಲೆ ಮುನಿಸಿಕೊಂಡವು.

ಅಲ್ಲಿಯವರೆಗೆ ಹಲಸಿನ ಹಣ್ಣಿನ ಗಟ್ಟಿ (ಕಡುಬು) ಮಾಡಿದರೆ ನನ್ನ ಮನೆಗೆ ಕಳುಹಿಸುತ್ತಿದ್ದ ಮನೆಯಿಂದ ಆ ವರ್ಷ ಬರಲಿಲ್ಲ. ನಗಬೇಡಿ, ರಾಜೀನಾಮೆ ಬರೆದದ್ದು ಅದರ ನಂತರವೇ. ನಿಯಮ ಪುಸ್ತಕದಲ್ಲಿ ಇಲ್ಲದ ಈ ಖರ್ಚನ್ನು ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಅಂಥ ನಿರ್ಧಾರಗಳನ್ನು ಅಧ್ಯಕ್ಷರೊಬ್ಬರೇ ತೆಗೆದುಕೊಳ್ಳದೆ ಸಭೆಯ ನಿರ್ಣಯವಾಗಿ ಬರೆಸಿ, ಐದು ಮಂದಿಯ ಸಹಿ ಹಾಕಿಸಿ ಅಂಟಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ಸಿಟ್ಟು ಐದು ಪಾಲಾಗುತ್ತಿತ್ತು.

ಕದ್ರಿಯ ಒಬ್ಬ ಮಾಲೀಕ

ಮೇಡಂ, ಇದನ್ನೇ ನಾನು ಬೇರೆ ಮಾತಿನಲ್ಲಿ ಹೇಳಿದ್ದು. ಬರೆದಿಡುವುದು ಕೇಳುವವರಿಗಾಗಿ ಮಾತ್ರ ಎಂದು ನಾನು ತಿಳಿದಿದ್ದೆ. ಮಾಡುವವರಿಗೂ ಅದು ಕೊಡೆಯಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಹಾಗೆಂದು ಎಲ್ಲವನ್ನೂ ನಿರ್ವಹಣಾ ಕಂಪನಿಗೆ ವಹಿಸಿಬಿಡಿ ಎನ್ನುವವರೂ ನಮ್ಮಲ್ಲಿದ್ದಾರೆ. ದೊಡ್ಡ ಸಂಕೀರ್ಣಗಳಿಗೆ ಅದು ಆಗಬಹುದು. 40, 50 ಮನೆಯವರಿಗೆ ಆ ಸಂಬಳ ಭಾರ, ಮತ್ತು ಕಂಪನಿಯವನ ಬಿಲ್ಲನ್ನು ನೋಡಲು ಮತ್ತೆ ಸಮಿತಿಯೇ ಬೇಕು.

ಬಿಜೈ ಕಾರ್ಯದರ್ಶಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತಿನಿಂದ ಕೆಲವನ್ನು ಎತ್ತಿಕೊಂಡು ನಿನ್ನೆ ಇನ್ನೊಂದು ಸಭೆ ಕರೆದೆವು. ಎರಡು ವರ್ಷದ ಖರ್ಚನ್ನು ತಿಂಗಳುವಾರು ಬರೆದು ಬೋರ್ಡಿಗೆ ಅಂಟಿಸಿದೆ. ಮೊದಲ ದಿನವೇ ಒಬ್ಬರು ತಪ್ಪು ಹಿಡಿದರು: ಡೀಸೆಲಿನ ಒಂದು ಬಿಲ್ಲನ್ನು ನಾನು ಎರಡು ಸಲ ಬರೆದಿದ್ದೆ. ಅಂದರೆ ಓದುವವರು ಇದ್ದಾರೆ. ಮೊಬೈಲಿನಲ್ಲಿ ಸೇರಿದ 9 ಮಂದಿಯನ್ನೂ ಸೇರಿಸಿ 27 ಮಂದಿ ಆದೆವು. ಬಾಡಿಗೆದಾರರಿಗಾಗಿ ಸೂಚನೆಗಳು ಮಾತ್ರ ಹೋಗುವ ಬೇರೊಂದು ವಾಟ್ಸಾಪ್ ಗುಂಪು ಮಾಡಿದ್ದೇವೆ. ಸಿಂಕಿಂಗ್ ಫಂಡಿನ ಮಾತು ಎತ್ತಿದಾಗ ಗಲಾಟೆಯಾಯಿತು, ಅದು ಮುಂದಿನ ಸಭೆಗೆ ಹೋಗಿದೆ.

ಕಾರ್ಯದರ್ಶಿ ಸ್ಥಾನಕ್ಕೆ ಒಬ್ಬರು ಒಪ್ಪಿದ್ದಾರೆ. ಡೀಸೆಲಿನ ಬಿಲ್ಲಿನ ತಪ್ಪು ಹಿಡಿದವರೇ. ಮೂವತ್ತೆರಡರ ಹೆಣ್ಣುಮಗಳು, ಮನೆಯಿಂದಲೇ ಕೆಲಸ ಮಾಡುವವರು. ಒಂದು ಷರತ್ತು ಹಾಕಿದ್ದಾರೆ: ರಾತ್ರಿ ಹತ್ತರ ನಂತರ ಬೆಂಕಿ, ನೀರು, ಲಿಫ್ಟು ಬಿಟ್ಟು ಬೇರೆ ಯಾವುದಕ್ಕೂ ಫೋನು ಎತ್ತುವುದಿಲ್ಲ. ನಾಲ್ಕು ವರ್ಷದಲ್ಲಿ ಇಂಥದೊಂದು ಷರತ್ತು ಹಾಕಬಹುದೆಂದು ನನಗೆ ತೋಚಿಯೇ ಇರಲಿಲ್ಲ.

ಪಾರ್ಕಿನ ಗೆಳೆಯರ ಬಾಕಿಯಲ್ಲಿ ಅರ್ಧ ಬಂದಿದೆ, ಖಜಾಂಚಿಯ ಕೈಗೆ, ನನ್ನ ಕೈಗಲ್ಲ. ಅವರು ಈಗಲೂ ಎದುರು ದಿಕ್ಕಿನಿಂದಲೇ ಬರುತ್ತಾರೆ. ಇವತ್ತು ಬೆಳಗ್ಗೆ ಎರಡನೇ ಸುತ್ತಿನಲ್ಲಿ ನಿಲ್ಲದೆಯೇ, "ಮೋಟಾರು ಸರಿಯಾಯಿತಾ?" ಎಂದು ಕೇಳಿದರು. ಸಂಜೆಯೊಳಗೆ ಆಗುತ್ತದೆ ಎಂದೆ.

ಹೊಸ ಕಾರ್ಯದರ್ಶಿಯವರಿಗೆ ಒಪ್ಪಿಸಲು ಕಪಾಟಿನಿಂದ ಎಲ್ಲವನ್ನೂ ಹೊರಗೆ ತೆಗೆದಿದ್ದೇನೆ: ಡಿಕ್ಲರೇಷನ್ ಪತ್ರ, ಲಿಫ್ಟಿನ ಲೈಸೆನ್ಸು, ನಡಾವಳಿ ಪುಸ್ತಕ ಮೂರು, ಸಂಪಿನ ಮುಚ್ಚಳದ ಕೀಲಿಕೈ, ಪ್ಲಂಬರನ ಎರಡು ನಂಬರು. ಯಾವ ಬೀಗದ್ದೆಂದು ಗೊತ್ತಿಲ್ಲದ ಇನ್ನೂ ಏಳು ಕೀಲಿಕೈಗಳಿವೆ. ಅವುಗಳಿಗೂ ಒಂದು ಚೀಟಿ ಕಟ್ಟಿ "ಗೊತ್ತಿಲ್ಲ" ಎಂದು ಬರೆದಿದ್ದೇನೆ.